ಅಕ್ಕ ಎಂಬ ಹುದ್ದೆ

ಅಮೆರಿಕದ ಲೇಖಕಿಯೊಬ್ಬರ ಆತ್ಮಕಥನವನ್ನು ಕನ್ನಡಕ್ಕೆ ತರುತ್ತಿದ್ದಾಗ ಕಾಲೇಜಿನ ಅಧ್ಯಾಯದಲ್ಲಿ ಒಂದು ಪದ ಸಿಕ್ಕಿ ಎರಡು ದಿನ ಕೆಲಸ ಮುಂದೆ ಹೋಗಲಿಲ್ಲ. ಪದ ಕಠಿಣವೇನಲ್ಲ. 'ಬಿಗ್', ಅಷ್ಟೇ. ಆದರೆ ಅದು ಅಲ್ಲಿ ವಿಶೇಷಣವಾಗಿ ಬಂದಿರಲಿಲ್ಲ, ನಾಮಪದವಾಗಿ ಬಂದಿತ್ತು. ನನ್ನ ಬಿಗ್ ಹೀಗೆ ಹೇಳಿದಳು, ನನ್ನ ಬಿಗ್ ಜ್ವರ ಬಂದಾಗ ಸೂಪ್ ತಂದುಕೊಟ್ಟಳು, ನನ್ನ ಬಿಗ್‌ಗೆ ಹೇಳದೆ ನಾನು ಏನೂ ಮಾಡುತ್ತಿರಲಿಲ್ಲ, ಹೀಗೆ ಪುಟದ ತುಂಬ. ಕಾಲೇಜಿಗೆ ಹೊಸದಾಗಿ ಬಂದು ಸೊರಾರಿಟಿ ಸೇರಿದ ಹುಡುಗಿಗೆ ಅಲ್ಲಿನ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಗೊತ್ತುಮಾಡಿ ಕೊಡುತ್ತಾರೆ. ಹಿರಿಯಳು 'ಬಿಗ್ ಸಿಸ್ಟರ್', ಹೊಸಬಳು 'ಲಿಟ್ಲ್ ಸಿಸ್ಟರ್'. ಬಳಕೆಯಲ್ಲಿ 'ಸಿಸ್ಟರ್' ಸವೆದುಹೋಗಿ ಬಿಗ್, ಲಿಟ್ಲ್ ಎಂಬ ಎರಡು ವಿಶೇಷಣಗಳೇ ನೆಂಟಸ್ತಿಕೆಯ ಹೆಸರುಗಳಾಗಿ ಉಳಿದಿವೆ.

ಪ್ರಕಾಶನದ ಸಂಪಾದಕಿ ಫೋನಿನಲ್ಲಿ ಒಂದೇ ಮಾತಿಗೆ ಮುಗಿಸಿದರು: "ಅಕ್ಕ ಅಂತ ಹಾಕಿಬಿಡಿ ಮೇಡಂ, ಇದಕ್ಯಾಕೆ ಇಷ್ಟು ಯೋಚನೆ?"

ಅವರ ಮಾತಿನಲ್ಲಿ ತಪ್ಪಿಲ್ಲ. ಇಂಗ್ಲಿಷಿನ 'ಸಿಸ್ಟರ್', ಲ್ಯಾಟಿನ್ನಿನ 'ಸೊರೊರ್', ಸಂಸ್ಕೃತದ 'ಸ್ವಸೃ' ಮೂರೂ ಒಂದೇ ಬೇರಿನವು. ಈ ಮೂರರಲ್ಲಿ ಯಾವುದೂ ಹುಡುಗಿ ನನಗಿಂತ ಮೊದಲು ಹುಟ್ಟಿದವಳೋ ನಂತರ ಹುಟ್ಟಿದವಳೋ ಎಂದು ಹೇಳುವುದಿಲ್ಲ. ಕನ್ನಡದಲ್ಲಿ ಅದನ್ನು ಹೇಳದೆ ಇರುವುದೇ ಕಷ್ಟ. ನಮಗೆ ಅಕ್ಕ ಇದ್ದಾಳೆ, ತಂಗಿ ಇದ್ದಾಳೆ. ಇಬ್ಬರನ್ನೂ ಒಟ್ಟಿಗೆ ಹೇಳಬೇಕಾದರೆ 'ಅಕ್ಕತಂಗಿಯರು' ಎಂದು ಜೋಡಿಸುತ್ತೇವೆ, ಇಲ್ಲವೇ ಸಂಸ್ಕೃತದಿಂದ 'ಸಹೋದರಿ'ಯನ್ನು ಕರೆತರುತ್ತೇವೆ. ಇಂಗ್ಲಿಷಿನವರು ಒಂದು ವಿಶೇಷಣವನ್ನು ಅಂಟಿಸಿ ಹೇಳಬೇಕಾದದ್ದು ನಮ್ಮಲ್ಲಿ ಮೊದಲಿನಿಂದಲೂ ಒಂದೇ ಪದ.

ಆದರೂ ನನಗೆ ಸಮಾಧಾನವಾಗಲಿಲ್ಲ. ಅಕ್ಕ ಆಗುವುದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ. ಬಿಗ್ ಆಗುವುದಕ್ಕೆ ಹಾಕಬೇಕು. ಅದು ಹುಟ್ಟಿನಿಂದ ಬಂದ ಸಂಬಂಧವಲ್ಲ, ಒಂದು ವರ್ಷದ ಹಿರಿತನಕ್ಕೆ ಸಂಸ್ಥೆಯೊಂದು ಕೊಡುವ ಹುದ್ದೆ. ಹುದ್ದೆ ಎಂದ ಮೇಲೆ ಅದಕ್ಕೆ ಕೆಲಸವೂ ಇರುತ್ತದೆ, ಅಧಿಕಾರವೂ ಇರುತ್ತದೆ. ಈ ಹುದ್ದೆ ಎಲ್ಲಿಂದ ಬಂತು, ಅದರ ಕೆಲಸವೇನು, ಅಧಿಕಾರ ಎಲ್ಲಿ ಕೈಮೀರಿತು ಎಂದು ಹುಡುಕುತ್ತ ಹೋದೆ. ಅನುವಾದ ಒಂದು ವಾರ ತಡವಾಯಿತು. ಆ ವಾರದ ಓದಿನ ಫಲ ಈ ಪ್ರಬಂಧ.

ಗ್ರೀಕ್ ಅಕ್ಷರಗಳ ಮನೆ

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳ ಚರಿತ್ರೆಯನ್ನು 1776ರಿಂದ ಎಣಿಸುವುದು ವಾಡಿಕೆ. ಆ ವರ್ಷದ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಹುಟ್ಟಿತು. ಗುಟ್ಟಿನ ಕೈಕುಲುಕು, ಪದಕ, ಪ್ರಮಾಣವಚನ ಎಲ್ಲವೂ ಇದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಮಾದರಿಯ ಗಂಡುಹುಡುಗರ ಸಂಘಗಳು ಕಾಲೇಜಿನಿಂದ ಕಾಲೇಜಿಗೆ ಹಬ್ಬಿದವು. ಅವಕ್ಕೆ 'ಫ್ರಟರ್ನಿಟಿ' ಎಂದು ಹೆಸರು, ಅಂದರೆ ಸಹೋದರರ ಕೂಟ.

ಹೆಣ್ಣುಮಕ್ಕಳ ಸಂಘಗಳು ಹುಟ್ಟಿದ್ದು ಹೆಣ್ಣುಮಕ್ಕಳು ಕಾಲೇಜಿಗೆ ಬಂದ ಮೇಲೆ. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಕಾಲೇಜು ಹೆಣ್ಣುಮಕ್ಕಳಿಗೆ ಪದವಿ ಕೊಡಲೆಂದೇ 1836ರಲ್ಲಿ ಸನ್ನದು ಪಡೆದಿತ್ತು. ಅಲ್ಲಿ 1851ರಲ್ಲಿ ಅಡೆಲ್ಫಿಯನ್ ಸೊಸೈಟಿ, ಮರುವರ್ಷ ಫಿಲೊಮತಿಯನ್ ಸೊಸೈಟಿ ಶುರುವಾದವು. ಇವೇ ಮುಂದೆ ಆಲ್ಫಾ ಡೆಲ್ಟಾ ಪೈ, ಫೈ ಮ್ಯೂ ಎಂಬ ಹೆಸರು ಪಡೆದವು. ಅದು ಹುಡುಗಿಯರದ್ದೇ ಕಾಲೇಜಾದ್ದರಿಂದ ಆ ಸಂಘಗಳಿಗೆ ಸಾಹಿತ್ಯ ಗೋಷ್ಠಿಯ ಸ್ವಭಾವವಿತ್ತು.

ಕತೆ ಗಟ್ಟಿಯಾಗುವುದು ಹುಡುಗರ ನಡುವೆ ಹುಡುಗಿಯರು ಹೋಗಿ ಕುಳಿತ ಕಾಲೇಜುಗಳಲ್ಲಿ. ಇಲಿನಾಯ್ ರಾಜ್ಯದ ಮನ್ಮತ್ ಕಾಲೇಜಿನಲ್ಲಿ 1867ರ ಏಪ್ರಿಲ್ 28ರಂದು 12 ಮಂದಿ ವಿದ್ಯಾರ್ಥಿನಿಯರು, ತಮ್ಮಲ್ಲಿಬ್ಬರು ಬಾಡಿಗೆಗಿದ್ದ ಮನೆಯ ಕೋಣೆಯಲ್ಲಿ ಸೇರಿ ಒಂದು ಸಂಘ ಕಟ್ಟಿಕೊಂಡರು. ಅದು ಇಂದಿನ ಪೈ ಬೀಟಾ ಫೈ. ಅದೇ ವರ್ಷ ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಊರಿನ ಆಸ್‌ಬರಿ ವಿಶ್ವವಿದ್ಯಾಲಯ (ಇಂದು ಅದರ ಹೆಸರು ಡಿಪಾ) ಹುಡುಗಿಯರಿಗೆ ಬಾಗಿಲು ತೆರೆಯಿತು. ಮೊದಲು ಬಂದವರಲ್ಲಿ ಗಣಿತದ ಪ್ರಾಧ್ಯಾಪಕರ ಮಗಳು ಬೆಟ್ಟಿ ಲಾಕ್ ಇದ್ದಳು.

ಅವಳ ಬಗ್ಗೆ ಆ ಸಂಸ್ಥೆಯಲ್ಲಿ ಹೇಳಿಕೊಂಡು ಬಂದ ಕತೆ ಹೀಗಿದೆ. ಒಂದು ಫ್ರಟರ್ನಿಟಿಯ ಹುಡುಗರು ತಮ್ಮ ಸಂಘದ ಬಿಲ್ಲೆಯನ್ನು ಅವಳು ತೊಡಬೇಕೆಂದು ಕೇಳಿದರು. ಹಾಗಾದರೆ ನನ್ನನ್ನು ಸದಸ್ಯಳನ್ನಾಗಿ ಮಾಡಿಕೊಳ್ಳಿ, ಬರಿಯ ಅಲಂಕಾರಕ್ಕೆ ತೊಡುವುದಿಲ್ಲ ಎಂದಳು ಅವಳು. ಅವರು ಒಪ್ಪಲಿಲ್ಲ. ಬದಲಿಗೆ ಬೆಳ್ಳಿಯ ಕೇಕ್ ಬುಟ್ಟಿಯೊಂದನ್ನು ಉಡುಗೊರೆಯಾಗಿ ಕೊಟ್ಟರು. ನಿನ್ನದೇ ಸಂಘ ಯಾಕೆ ಕಟ್ಟಬಾರದು ಎಂದು ಅಪ್ಪ ಕೇಳಿದರಂತೆ. 1870ರ ಜನವರಿ 27ರಂದು ಬೆಟ್ಟಿ ಲಾಕ್, ಆಲಿಸ್ ಆಲನ್, ಬೆಟ್ಟಿ ಟಿಪ್ಟನ್, ಹ್ಯಾನಾ ಫಿಚ್ ಎಂಬ ನಾಲ್ವರು ಕಪ್ಪಾ ಆಲ್ಫಾ ತೀಟಾ ಸ್ಥಾಪಿಸಿದರು. ಗ್ರೀಕ್ ಅಕ್ಷರಗಳ ಹೆಸರಿನೊಂದಿಗೇ ಹುಟ್ಟಿದ ಮೊದಲ ಹೆಣ್ಣುಮಕ್ಕಳ ಸಂಘ ಎಂದು ಅದಕ್ಕೆ ಖ್ಯಾತಿ.

ಆಗ ಇವರೂ ತಮ್ಮ ಸಂಘವನ್ನು ಫ್ರಟರ್ನಿಟಿ ಎಂದೇ ಕರೆದುಕೊಳ್ಳುತ್ತಿದ್ದರು, ಬೇರೆ ಪದವಿರಲಿಲ್ಲ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ ಗಾಮಾ ಫೈ ಬೀಟಾ ಸಂಘದ ಹುಡುಗಿಯರಿಗೆ ಫ್ರಟರ್ನಿಟಿ ಎಂಬುದು ಒಪ್ಪುವುದಿಲ್ಲವೆಂದು 1882ರಲ್ಲಿ 'ಸೊರೊರ್' ಧಾತುವಿನಿಂದ 'ಸೊರಾರಿಟಿ' ಪದವನ್ನು ಸೂಚಿಸಿದರು. ಬೆಟ್ಟಿ ಲಾಕ್‌ಳ ಸಂಘಕ್ಕೆ ಆಗ ಹನ್ನೆರಡು ವರ್ಷ. ಅಕ್ಕತಂಗಿಯರು ಮೊದಲು ಬಂದರು, ಅವರ ಮನೆಗೆ ಹೆಸರು ಆಮೇಲೆ ಬಂತು.

ಮೊದಲು ಬಂದವಳಿಗೆ ಗೊತ್ತಿದ್ದದ್ದು

ಹೊಸಬಳಿಗೆ ಹಿರಿಯಳೊಬ್ಬಳು ಬೇಕು ಅನ್ನಿಸಿದ್ದು ಯಾಕೆ ಎಂದು ತಿಳಿಯಲು ಆ ಕಾಲದ ಕಾಲೇಜಿಗೆ ಹೋಗಿ ನಿಂತು ನೋಡಬೇಕು. 1873ರಲ್ಲಿ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ 'ಸೆಕ್ಸ್ ಇನ್ ಎಜುಕೇಶನ್' ಎಂಬ ಪುಸ್ತಕ ಬರೆದರು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಹರೆಯದ ಹುಡುಗಿ ಹುಡುಗರ ಹಾಗೆ ಓದಿದರೆ ಅವಳ ಮೈಯ ಶಕ್ತಿಯೆಲ್ಲ ಮಿದುಳಿಗೆ ಹೋಗಿ ಗರ್ಭಧಾರಣೆಯ ಅಂಗಗಳು ಬಡವಾಗುತ್ತವೆ ಎಂಬುದು ಅವರ ವಾದ. ಪುಸ್ತಕ ಮತ್ತೆ ಮತ್ತೆ ಮುದ್ರಣವಾಯಿತು. ಪದವೀಧರೆಯರ ಸಂಘವೊಂದು ತಮ್ಮವರ ಆರೋಗ್ಯವನ್ನೇ ಸಮೀಕ್ಷೆ ಮಾಡಿ, ನಮಗೇನೂ ಆಗಿಲ್ಲ ಎಂದು ಅಂಕಿ ಅಂಶ ಪ್ರಕಟಿಸಿದ್ದು 1885ರಲ್ಲಿ. ನಡುವಿನ ಹನ್ನೆರಡು ವರ್ಷ ಕಾಲೇಜಿಗೆ ಹೋದ ಪ್ರತಿ ಹುಡುಗಿಯೂ ಈ ಮಾತನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಗಿದ್ದಳು.

ಹಲವು ಕಾಲೇಜುಗಳಲ್ಲಿ ಅವಳಿಗೆ ಹಾಸ್ಟೆಲ್ ಇರಲಿಲ್ಲ. ಊರಿನಲ್ಲಿ ಕೋಣೆ ಹುಡುಕಬೇಕು. ಯಾವ ಮನೆಯವರು ಒಳ್ಳೆಯವರು, ಯಾವ ಬೀದಿಯಲ್ಲಿ ಸಂಜೆಯ ಮೇಲೆ ಓಡಾಡಬಾರದು, ಯಾವ ಪ್ರಾಧ್ಯಾಪಕರು ತರಗತಿಯಲ್ಲಿ ಹುಡುಗಿಯರನ್ನು ಲೇವಡಿ ಮಾಡುತ್ತಾರೆ ಎಂಬುದು ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲ. ಅವಳ ಅಮ್ಮನಿಗಂತೂ ಗೊತ್ತಿರಲು ಸಾಧ್ಯವಿಲ್ಲ, ಅಮ್ಮ ಕಾಲೇಜು ಕಂಡಿರಲಿಲ್ಲ. ಗೊತ್ತಿದ್ದದ್ದು ಒಂದು ವರ್ಷ ಮೊದಲು ಅಲ್ಲಿಗೆ ಬಂದಿದ್ದ ಹುಡುಗಿಗೆ ಮಾತ್ರ.

ಅಂಥ ತಿಳಿವಳಿಕೆಯನ್ನು ಕೈಯಿಂದ ಕೈಗೆ ದಾಟಿಸುವ ಜಾಗವಾಗಿ ಸೊರಾರಿಟಿ ಬೆಳೆಯಿತು. ಸಿರಾಕ್ಯೂಸ್‌ನ ಆಲ್ಫಾ ಫೈ ಸಂಘ 1886ರಲ್ಲಿ ಸ್ವಂತ ಮನೆಯನ್ನೇ ಕಟ್ಟಿಸಿತು. ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ ಆಸ್ತಿ ಮಾಡುವುದೇ ಅಪರೂಪವಾಗಿದ್ದ ಕಾಲ ಅದು. ಒಂದೇ ಸೂರಿನಡಿ ಹಿರಿಯರೂ ಕಿರಿಯರೂ ಇರತೊಡಗಿದ ಮೇಲೆ ಪಾಠ ಹೇಳಿಕೊಡುವುದು, ಹುಷಾರಿಲ್ಲದಾಗ ನೋಡಿಕೊಳ್ಳುವುದು ದಿನಚರಿಯಾಯಿತು.

ಸೊರಾರಿಟಿಗಳೇ ಇಲ್ಲದ ಕಡೆಯೂ ಈ ಅಗತ್ಯ ತನ್ನ ರೂಪ ತಾನೇ ಹುಡುಕಿಕೊಂಡಿತು. ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಹೆಣ್ಣುಮಕ್ಕಳ ಕಾಲೇಜು ಶುರುವಾದದ್ದು 1885ರಲ್ಲಿ. ಮರುವರ್ಷವೇ ಎರಡನೇ ವರ್ಷದವರು ಹೊಸದಾಗಿ ಬಂದವರಿಗೆ ಲಾಂದ್ರ ಕೊಡುವ ಪದ್ಧತಿ ಆರಂಭವಾಯಿತು. 'ಲ್ಯಾಂಟರ್ನ್ ನೈಟ್' ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆದುಬಂದಿದೆ. ಕಾಲೇಜಿಗೆ ಇನ್ನೂ ಎರಡೇ ವರ್ಷ. ಹಿರಿಯರೆಂದರೆ ಕಳೆದ ವರ್ಷ ತಾವೇ ಕತ್ತಲಲ್ಲಿ ದಾರಿ ಹುಡುಕಿಕೊಂಡವರು.

'ದೊಡ್ಡಣ್ಣ', 'ದೊಡ್ಡಕ್ಕ' ಎಂಬ ಮಾತುಗಳಿಗೆ ಅಮೆರಿಕದಲ್ಲಿ ಸಾಮಾಜಿಕ ಅರ್ಥ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೋಲ್ಟರ್ ದಿನವೂ ಕಟಕಟೆಗೆ ಬರುವ ಹುಡುಗರನ್ನು ನೋಡಿ, ಊರಿನ ಗಣ್ಯರು ಒಬ್ಬೊಬ್ಬರು ಒಬ್ಬೊಬ್ಬ ಹುಡುಗನ ಗೆಳೆಯರಾಗಬೇಕೆಂದು 1904ರಲ್ಲಿ ಕೇಳಿಕೊಂಡರು. ಅದು 'ಬಿಗ್ ಬ್ರದರ್ಸ್' ಚಳವಳಿಯಾಯಿತು. ಹುಡುಗಿಯರಿಗಾಗಿ 'ಬಿಗ್ ಸಿಸ್ಟರ್ಸ್' ಸಂಸ್ಥೆಗಳೂ ಅದೇ ಕಾಲದಲ್ಲಿ ಎದ್ದವು. ಒಬ್ಬರಿಗೆ ಒಬ್ಬರು ಎಂಬ ಲೆಕ್ಕವೇ ಅವುಗಳ ತಿರುಳು. ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳುತ್ತಾರೆ ಅಂದರೆ ಕೊನೆಗೆ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ ಎಂಬುದು ಕೂಡುಕುಟುಂಬದಲ್ಲಿ ಬೆಳೆದವರಿಗೆ ಬೇರೆ ಹೇಳಬೇಕಿಲ್ಲ.

ಈ ಕೆಲಸ ಮಾಡುವವರಿಗೆ ಇಂದು ಎಲ್ಲ ಕಡೆ 'ಮೆಂಟರ್' ಎನ್ನುತ್ತಾರೆ. ಅದು ಹೋಮರನ 'ಒಡಿಸ್ಸಿ'ಯ ಒಬ್ಬ ಮುದುಕನ ಹೆಸರು. ಟ್ರಾಯ್ ಯುದ್ಧಕ್ಕೆ ಹೊರಟ ಒಡಿಸ್ಸಿಯಸ್ ತನ್ನ ಮನೆಯನ್ನು ಅವನ ವಶಕ್ಕೆ ಬಿಟ್ಟು ಹೋಗುತ್ತಾನೆ. ಆದರೆ ಕಾವ್ಯದಲ್ಲಿ ಮಗ ಟೆಲಿಮೆಕಸ್‌ಗೆ ದಾರಿ ತೋರಿಸುವುದು ಮೆಂಟರನ ರೂಪ ತಾಳಿ ಬರುವ ಅಥೀನಾ ದೇವಿ. ಫ್ರೆಂಚ್ ಲೇಖಕ ಫೆನೆಲೊನ್ 1699ರಲ್ಲಿ ಟೆಲಿಮೆಕಸ್‌ನ ಕತೆಯನ್ನು ಹೊಸದಾಗಿ ಬರೆದ ಮೇಲೆ ಮೆಂಟರ್ ಎಂಬುದು ಯೂರೋಪಿನಲ್ಲಿ 'ಮಾರ್ಗದರ್ಶಿ' ಎಂಬ ಅರ್ಥದಲ್ಲಿ ನೆಲೆಯಾಯಿತು. ಹೆಸರು ಗಂಡಸಿನದು, ಒಳಗಿದ್ದವಳು ಹೆಂಗಸು.

ಹೋವರ್ಡ್‌ನ ಎರಡು ಚಳಿಗಾಲ

ಬಿಳಿಯರ ಸೊರಾರಿಟಿಗಳ ಅಕ್ಕತನ ಬಿಳಿಯರಿಗೆ ಮಾತ್ರ ಇತ್ತು. ಕಪ್ಪು ಹುಡುಗಿಯರಿಗೆ ಅಲ್ಲಿ ಜಾಗವಿರಲಿಲ್ಲ. ಬಹಳ ಕಡೆ ಯಹೂದಿ ಹುಡುಗಿಯರಿಗೂ ಇರಲಿಲ್ಲ, ಅವರು ತಮ್ಮದೇ ಸಂಘಗಳನ್ನು ಕಟ್ಟಿಕೊಳ್ಳಬೇಕಾಯಿತು. 1902ರಲ್ಲಿ ಶಿಕಾಗೊದಲ್ಲಿ ಸೊರಾರಿಟಿಗಳೆಲ್ಲ ಸೇರಿ ಸದಸ್ಯರನ್ನು ಸೇರಿಸಿಕೊಳ್ಳುವ ಪೈಪೋಟಿಗೆ ನಿಯಮ ಹಾಕಿಕೊಂಡಾಗ ಈ ಬೇಲಿ ಹಾಗೆಯೇ ಉಳಿಯಿತು.

ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ ಕಪ್ಪು ಜನರ ಉನ್ನತ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ. ಅಲ್ಲಿ ಪಾಠ ಹೇಳುತ್ತಿದ್ದ ಎಥೆಲ್ ರಾಬಿನ್ಸನ್ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಅಲ್ಲಿನ ಸೊರಾರಿಟಿ ಜೀವನವನ್ನು ಕಂಡವರು. ತಾವು ಕಂಡದ್ದನ್ನು ಅವರು ಎಥೆಲ್ ಹೆಜ್‌ಮನ್ ಎಂಬ ವಿದ್ಯಾರ್ಥಿನಿಗೆ ಹೇಳಿದರು. ಹೆಜ್‌ಮನ್ ತನ್ನ ಗೆಳತಿಯರನ್ನು ಕೂಡಿಸಿದಳು. 1908ರ ಜನವರಿ 15ರಂದು ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿತು. ಕಪ್ಪು ಹೆಣ್ಣುಮಕ್ಕಳ ಮೊದಲ ಗ್ರೀಕ್ ಅಕ್ಷರದ ಸಂಘ ಅದು. ಹಿರಿಯಳೊಬ್ಬಳು ಕಿರಿಯಳಿಗೆ ಹೇಳಿದ ಮಾತಿನಿಂದ ಹುಟ್ಟಿದ ಸಂಸ್ಥೆ ಎಂದು ಇದನ್ನು ಧಾರಾಳವಾಗಿ ಕರೆಯಬಹುದು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಮನೆಯಲ್ಲಿ ಅಕ್ಕತಂಗಿಯರ ಜಗಳ ಬಂತು. 1912ರಲ್ಲಿ ಓದುತ್ತಿದ್ದ ಕಿರಿಯ ಸದಸ್ಯೆಯರಿಗೆ ಸಂಘದ ಹೆಸರು, ಬಣ್ಣ, ಚಿಹ್ನೆ ಬದಲಾಗಬೇಕಿತ್ತು. ಸಂಘ ಸಾರ್ವಜನಿಕ ಹೋರಾಟಕ್ಕೆ ಇಳಿಯಬೇಕಿತ್ತು. ಆ ವರ್ಷವೇ ಪದವಿ ಮುಗಿಸಿದ್ದ ನೆಲ್ಲಿ ಕ್ವಾಂಡರ್‌ಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಆಕೆ ಕಿರಿಯರಿಗೆ ಗಡುವು ಕೊಟ್ಟರು. 1913ರ ಜನವರಿಯಲ್ಲಿ ಸಂಘವನ್ನು ಹಳೆಯ ಹೆಸರಿನಲ್ಲೇ ಕಾನೂನುಬದ್ಧವಾಗಿ ನೋಂದಾಯಿಸಿದರು. ಆ ಹೊತ್ತಿಗೆ 22 ಮಂದಿ ಕಿರಿಯರು ಹೊರಗೆ ಹೋಗಿ ಜನವರಿ 13ರಂದು ಡೆಲ್ಟಾ ಸಿಗ್ಮಾ ತೀಟಾ ಎಂಬ ಬೇರೆ ಸಂಘ ಕಟ್ಟಿಯಾಗಿತ್ತು. ಎರಡು ತಿಂಗಳೊಳಗೆ, ಮಾರ್ಚ್ 3ರಂದು, ವಾಷಿಂಗ್ಟನ್ನಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ನಡೆದ ಭಾರಿ ಮೆರವಣಿಗೆಯಲ್ಲಿ ಅವರು ಹೆಜ್ಜೆ ಹಾಕಿದರು. ಆಗ ಅವರ ಬೆನ್ನಿಗೆ ನಿಂತದ್ದು ಇನ್ನೊಬ್ಬ ಹಿರಿಯಳು, ಐವತ್ತರ ಹತ್ತಿರದ ಹೋರಾಟಗಾರ್ತಿ ಮೇರಿ ಚರ್ಚ್ ಟೆರೆಲ್. ಮುಂದೆ ಆ ಸಂಘಕ್ಕೆ ಪ್ರಮಾಣವಚನ ಬರೆದುಕೊಟ್ಟವರೂ ಅವರೇ.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಕ್ವಾಂಡರ್ ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ, ಅವರು ಕಾಪಾಡಿದ ಸಂಸ್ಥೆ ನೂರು ವರ್ಷ ದಾಟಿ ಬಾಳಿದೆ. ಕಮಲಾ ಹ್ಯಾರಿಸ್ ಹೋವರ್ಡ್‌ನಲ್ಲಿ ಓದುವಾಗ ಸೇರಿದ್ದು ಇದೇ ಆಲ್ಫಾ ಕಪ್ಪಾ ಆಲ್ಫಾವನ್ನು. 2020ರಲ್ಲಿ ಉಪಾಧ್ಯಕ್ಷ ಸ್ಥಾನದ ಉಮೇದುವಾರಿಕೆ ಒಪ್ಪಿಕೊಂಡ ಭಾಷಣದಲ್ಲಿ ಚೆನ್ನೈ ಮೂಲದ ತಾಯಿಯನ್ನು ನೆನೆದ ಅವರು, ಈ ಸೊರಾರಿಟಿಯನ್ನೂ ತಮ್ಮ ಕುಟುಂಬದ ಲೆಕ್ಕಕ್ಕೇ ಸೇರಿಸಿದರು. ಕಿರಿಯರು ಮಾಡಿದ್ದೂ ತಪ್ಪಲ್ಲ. ನಾನು ಗಮನಿಸಿದ್ದು ಬೇರೆ: ಜಗಳ ಬಹಿರಂಗವಾಗಿ ನಡೆಯಿತು, ಗಡುವು ಎಲ್ಲರಿಗೂ ತಿಳಿದಿತ್ತು, ಒಪ್ಪದವರಿಗೆ ಎದ್ದು ಹೋಗುವ ದಾರಿ ತೆರೆದಿತ್ತು. ಹಿರಿಯಳಿಗೆ ಹಟವಿತ್ತು, ಕಿರಿಯರಿಗೆ ಬಾಗಿಲಿತ್ತು.

ಬಿಗ್ ಆಗುವ ಬಗೆ

ಈಗ ಈ ಹುದ್ದೆ ಹೇಗೆ ತುಂಬುತ್ತದೆ ನೋಡೋಣ. ಸೊರಾರಿಟಿಗೆ ಹೊಸಬರನ್ನು ಆರಿಸುವ ಕಾಲಕ್ಕೆ 'ರಷ್' ಎಂಬ ಹಳೆಯ ಹೆಸರು ಇನ್ನೂ ಚಾಲ್ತಿಯಲ್ಲಿದೆ. ಹುಡುಗಿಯರು ಮನೆಯಿಂದ ಮನೆಗೆ ಹೋಗಿ ಮಾತಾಡುತ್ತಾರೆ. ಕೊನೆಯಲ್ಲಿ ಹುಡುಗಿ ತನಗೆ ಬೇಕಾದ ಸಂಘಗಳನ್ನು, ಸಂಘ ತನಗೆ ಬೇಕಾದ ಹುಡುಗಿಯರನ್ನು ಕ್ರಮವಾಗಿ ಪಟ್ಟಿ ಮಾಡಿಕೊಡುತ್ತಾರೆ, ಎರಡು ಪಟ್ಟಿಗಳನ್ನೂ ತಾಳೆ ಹಾಕಿ ಜೋಡಿಸಲಾಗುತ್ತದೆ. ಜಾತಕ ಕೂಡಿಸುವ ಹಾಗೆ ಎಂದು ನೀವು ನಕ್ಕರೆ, ಇದನ್ನು ಗಂಭೀರವಾಗಿ ಅಭ್ಯಾಸ ಮಾಡಿದವರೂ ಇದ್ದಾರೆ. ಸೂಸನ್ ಮಾಂಜೆಲ್ ಮತ್ತು ಆಲ್ವಿನ್ ರಾತ್ 1991ರಲ್ಲಿ ಈ ಜೋಡಣೆಯ ಬಗ್ಗೆಯೇ ಅರ್ಥಶಾಸ್ತ್ರದ ಪ್ರಬಂಧ ಬರೆದರು. ಬಹಳ ಹುಡುಗಿಯರು ಪಟ್ಟಿಯಲ್ಲಿ ಒಂದೇ ಹೆಸರು ಬರೆದು ಕೊಡುತ್ತಾರೆ, ವ್ಯವಸ್ಥೆ ಕುಸಿಯದೆ ನಿಂತಿರುವುದರಲ್ಲಿ ಆ ಜಾಣತನದ ಪಾಲೂ ಇದೆ ಎಂದು ತೋರಿಸಿದರು. ಇಂಥ ಜೋಡಣೆಗಳ ಸಿದ್ಧಾಂತ ಮತ್ತು ಬಳಕೆಯ ಕೆಲಸಕ್ಕೆ ರಾತ್‌ಗೆ 2012ರಲ್ಲಿ ನೊಬೆಲ್ ಬಂತು.

ಹೀಗೆ ಒಳಗೆ ಬಂದವಳನ್ನು ಹಿಂದೆ 'ಪ್ಲೆಡ್ಜ್' ಎನ್ನುತ್ತಿದ್ದರು, ಈಗ ಹಲವು ಸಂಘಗಳು 'ಹೊಸ ಸದಸ್ಯೆ' ಎನ್ನುತ್ತವೆ. ಅವಳಿಗೆ ಬಿಗ್ ಆಗಬಯಸುವ ಹಿರಿಯಳು ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ವರ್ಷದವಳು. ಶುಲ್ಕ ಬಾಕಿ ಇರಬಾರದು, ಅಂಕ ತೀರಾ ಇಳಿದಿರಬಾರದು. ಕೆಲವು ವಾರ ಹೊಸಬರೊಂದಿಗೆ ಕಾಫಿಗೆ, ಊಟಕ್ಕೆ ಹೋಗಿ ಪರಿಚಯ ಮಾಡಿಕೊಳ್ಳುತ್ತಾಳೆ. ಮತ್ತೆ ಎರಡೂ ಕಡೆಯಿಂದ ಪಟ್ಟಿ, ಮತ್ತೆ ಜೋಡಣೆ. ಒಂದು ವಾರ ಹೆಸರಿಲ್ಲದೆ ಉಡುಗೊರೆಗಳು ಬರುತ್ತವೆ. ಕೊನೆಗೆ 'ರಿವೀಲ್' ದಿನ ತನ್ನ ಬಿಗ್ ಯಾರೆಂದು ಹೊಸಬಳಿಗೆ ತಿಳಿಯುತ್ತದೆ. ಅಲ್ಲಿಂದ ಅವಳಿಗೊಂದು ವಂಶಾವಳಿ: ಬಿಗ್‌ನ ಬಿಗ್ ಅವಳಿಗೆ 'ಗ್ರ್ಯಾಂಡ್ ಬಿಗ್', ಒಬ್ಬಳಿಗೇ ಇಬ್ಬರು ಲಿಟ್ಲ್ ಇದ್ದರೆ ಅವರು 'ಟ್ವಿನ್ಸ್'.

ಕೆಲಸ ನಿಜವಾಗಿ ಶುರುವಾಗುವುದು ಉಡುಗೊರೆಗಳು ಮುಗಿದ ಮೇಲೆ. ಸಂಘದ ಚರಿತ್ರೆ, ನಿಯಮ ಕಲಿಸಬೇಕು. ಯಾವ ಕೋರ್ಸು ಮೊದಲು ತೆಗೆದುಕೊಳ್ಳಬೇಕೆಂದು ಹೇಳಬೇಕು. ಮನೆ ನೆನಪಾಗಿ ಅಳುತ್ತಿರುವವಳನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗಬೇಕು. ದೀಕ್ಷೆಯ ದಿನ ಪಕ್ಕದಲ್ಲಿ ನಿಲ್ಲಬೇಕು. ಇಷ್ಟನ್ನೂ ಮಾಡುವವಳು ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗಿ. ಅವಳಿಗೆ ಇದನ್ನು ಕಲಿಸಿದ್ದು ಹೋದ ವರ್ಷದ ಬಿಗ್, ಆಕೆಗೆ ಅದರ ಹಿಂದಿನ ವರ್ಷದವಳು. ಒಳ್ಳೆಯದು ಇಳಿದು ಬರುವುದು ಹೀಗೆ. ಕೆಟ್ಟದ್ದಕ್ಕೂ ಇದೇ ದಾರಿ.

ಅದೇ ಕೈ

1873ರ ಅಕ್ಟೋಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಫ್ರಟರ್ನಿಟಿ ಸೇರುವ ವಿಧಿಯ ರಾತ್ರಿ ಕಮರಿಗೆ ಬಿದ್ದು ಸತ್ತ. ಹೊಸಬರನ್ನು 'ಪರೀಕ್ಷಿಸುವ' ಹೆಸರಿನ ಹಿಂಸೆಗೆ ಅಮೆರಿಕದಲ್ಲಿ 'ಹೇಜಿಂಗ್' ಎನ್ನುತ್ತಾರೆ. ನಮ್ಮ ರ‍್ಯಾಗಿಂಗ್‌ನ ದಾಯಾದಿ. ಸೊರಾರಿಟಿಗಳಲ್ಲೂ ಇದು ಇಲ್ಲದಿಲ್ಲ, ಆದರೆ ದೊಡ್ಡ ಸುದ್ದಿಯಾದ ಸಾವುಗಳು ಹೆಚ್ಚಾಗಿ ಹುಡುಗರ ಸಂಘಗಳಲ್ಲಿ ಆದವು. ನನ್ನನ್ನು ಕಾಡಿದ ವಿವರವೆಂದರೆ ಅವುಗಳಲ್ಲಿ ಕೆಲವು ನಡೆದದ್ದು ಇದೇ ಸಂಬಂಧವನ್ನು ಸಂಭ್ರಮಿಸುವ ರಾತ್ರಿ. 2017ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 2021ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ಮತ್ತು ಓಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯಗಳಲ್ಲಿ, ಬಿಗ್ ಯಾರೆಂದು ತಿಳಿಸುವ ಕೂಟಗಳಲ್ಲಿ ಮಿತಿಮೀರಿ ಮದ್ಯ ಕುಡಿದು ಹೊಸ ಹುಡುಗರು ಸತ್ತರು. ಬಾಟಲಿಯೂ ಅಲ್ಲಿ ಅಣ್ಣನ ಕಡೆಯಿಂದ ತಮ್ಮನಿಗೆ ಬರುವ ಉಡುಗೊರೆ. ತನ್ನನ್ನು ನೋಡಿಕೊಳ್ಳಲೆಂದು ಗೊತ್ತುಮಾಡಿದವನು ಕೊಟ್ಟದ್ದನ್ನು ಬೇಡವೆನ್ನುವುದು ಅಪರಿಚಿತ ಕೊಟ್ಟದ್ದನ್ನು ಬೇಡವೆನ್ನುವುದಕ್ಕಿಂತ ಎಷ್ಟೋ ಕಷ್ಟ.

ಕಪ್ಪು ವಿದ್ಯಾರ್ಥಿಗಳ ಸಂಘಗಳು 1990ರಲ್ಲಿ ಒಟ್ಟಾಗಿ ಹಳೆಯ ಪ್ಲೆಡ್ಜ್ ಪದ್ಧತಿಯನ್ನೇ ಕೈಬಿಟ್ಟವು. ಹಿಂದಿನ ವರ್ಷ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಆದ ಸಾವು ಅದಕ್ಕೆ ಹಿನ್ನೆಲೆಯಾಗಿತ್ತು. ಆದರೆ ನಿಷೇಧದ ನಂತರ ಹಿಂಸೆ ನಿಲ್ಲಲಿಲ್ಲ, ಎಷ್ಟೋ ಕಡೆ ನೆಲಮಾಳಿಗೆಗೆ ಇಳಿಯಿತು. ಓಹಾಯೊ, ವರ್ಜೀನಿಯಾ ರಾಜ್ಯಗಳು 2021ರ ಸಾವುಗಳ ಬೆನ್ನಿಗೇ ಕಾನೂನು ಬಿಗಿಗೊಳಿಸಿದವು. 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರ ಕಾನೂನು ಹೇಜಿಂಗ್ ಪ್ರಕರಣಗಳನ್ನು ಕಾಲೇಜುಗಳು ಸಾರ್ವಜನಿಕವಾಗಿ ವರದಿ ಮಾಡಬೇಕೆಂದು ವಿಧಿಸಿತು. ಗುಟ್ಟಿನಲ್ಲಿ ಹುಟ್ಟಿದ ಸಂಘಗಳಿಗೆ ಹೆಚ್ಚೂಕಡಿಮೆ ಇನ್ನೂರೈವತ್ತು ವರ್ಷಗಳ ನಂತರ ಹಾಕಿದ ದೊಡ್ಡ ನಿಯಮ ಇದು: ನಡೆದದ್ದನ್ನು ಹೇಳಿ.

ಹಿರಿತನದ ದುರ್ಬಳಕೆಗೆ ಹೊಡೆತವೇ ಬೇಕೆಂದಿಲ್ಲ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ದಿ ಕ್ರಿಮ್ಸನ್ ವೈಟ್' ಒಂದು ವರದಿ ಮಾಡಿತು. ಓದಿನಲ್ಲಿ ಮುಂದಿದ್ದ ಕಪ್ಪು ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಲು ಸೊರಾರಿಟಿಯ ಈಗಿನ ಸದಸ್ಯೆಯರಿಗೆ ಮನಸ್ಸಿತ್ತು, ಹಳೆಯ ವಿದ್ಯಾರ್ಥಿನಿಯರು ಅಡ್ಡ ಬಂದರು ಎಂದು ಸದಸ್ಯೆಯರೇ ಹೆಸರು ಹೇಳಿಕೊಂಡು ಬಾಯಿಬಿಟ್ಟರು. ವರದಿಯ ನಂತರ ವಿಶ್ವವಿದ್ಯಾಲಯ ಮತ್ತೆ ಆಯ್ಕೆಗೆ ದಾರಿ ಮಾಡಿತು, ಕಪ್ಪು ಹುಡುಗಿಯರಿಗೆ ಆಹ್ವಾನ ಹೋಯಿತು. ಕಿರಿಯರ ಕಣ್ಣು ತೆರೆದಿತ್ತು, ಹಿರಿಯರ ಕೈ ಅದನ್ನು ಮುಚ್ಚಿತ್ತು.

ಆರಕ್ಕೊಬ್ಬರು

ಇಷ್ಟು ಓದಿದ ಮೇಲೆ ನಮ್ಮ ಕಡೆ ತಿರುಗಿ ನೋಡದೆ ಇರಲಾಗಲಿಲ್ಲ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ರ‍್ಯಾಗಿಂಗ್‌ನಿಂದ ವಿದ್ಯಾರ್ಥಿಯೊಬ್ಬ ಸತ್ತ. ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿನ ಆದೇಶಗಳಿದ್ದವು, ಸಿಬಿಐ ಮಾಜಿ ನಿರ್ದೇಶಕ ಆರ್. ಕೆ. ರಾಘವನ್ ಸಮಿತಿಯ ವರದಿಯಿತ್ತು. ಆ ವರ್ಷ ಯುಜಿಸಿ ರ‍್ಯಾಗಿಂಗ್ ತಡೆಯ ನಿಯಮಾವಳಿ ಹೊರಡಿಸಿತು. ಪ್ರತಿವರ್ಷ ವಿದ್ಯಾರ್ಥಿ ಮತ್ತು ಪೋಷಕರು ಸಹಿ ಹಾಕುವ ಮುಚ್ಚಳಿಕೆ ಎಲ್ಲರಿಗೂ ಗೊತ್ತು. ಅದೇ ನಿಯಮಾವಳಿಯಲ್ಲಿ ಇನ್ನೊಂದು ಕಲಮು ಇರುವುದು ಕಾಲೇಜಿನವರಿಗೇ ಅಷ್ಟಾಗಿ ನೆನಪಿರಲಿಕ್ಕಿಲ್ಲ: ಸ್ವಯಂಪ್ರೇರಣೆಯಿಂದ ಬಂದ ಹಿರಿಯ ವಿದ್ಯಾರ್ಥಿಗಳ 'ಮೆಂಟರಿಂಗ್ ಸೆಲ್' ಇರಬೇಕು, ಆರು ಮಂದಿ ಹೊಸಬರಿಗೆ ಒಬ್ಬ ಮೆಂಟರ್, ಅಂಥ ಆರು ಮೆಂಟರ್‌ಗಳಿಗೆ ಮೇಲಿನ ವರ್ಷದ ಇನ್ನೊಬ್ಬ ಮೆಂಟರ್.

ಕಾಗದದ ಮೇಲೆ ಬರೆದು ನೋಡಿ. ಮೂರು ಹಂತಕ್ಕೆ ಅದು ಸೊರಾರಿಟಿಯ ವಂಶಾವಳಿಯೇ, ಕೊಂಬೆಗಳು ಮಾತ್ರ ಹೆಚ್ಚು. ಹೊಸಬರನ್ನು ಹಿರಿಯರಿಂದ ಕಾಪಾಡಲು ಬರೆದ ನಿಯಮಾವಳಿ ಕೊನೆಗೆ ಹೊಸಬರನ್ನು ಒಪ್ಪಿಸುವುದು ಹಿರಿಯರ ಕೈಗೇ. ಮೊದಲ ಓದಿಗೆ ಇದು ವಿಚಿತ್ರ ಅನ್ನಿಸಿತು. ಈಗ ಅನ್ನಿಸುವುದಿಲ್ಲ. ಒಂದು ವರ್ಷ ಮೊದಲು ಬಂದವರಿಗೆ ಮಾತ್ರ ಗೊತ್ತಿರುವ ಸಂಗತಿಗಳು 1870ರಲ್ಲಿ ಇದ್ದ ಹಾಗೆ ಇಂದಿಗೂ ಇವೆ. ಅವರನ್ನು ದೂರವಿಟ್ಟು ಹೊಸಬರನ್ನು ಕಾಯಲಾಗದು. ಮಾಡಬಹುದಾದದ್ದು ಇಷ್ಟೇ: ಹಿರಿಯಳ ಹೆಸರು ಬರೆದಿಡುವುದು, ಅವಳ ಮೇಲೊಬ್ಬಳನ್ನು ಇಡುವುದು, ಬೇಡವೆನ್ನುವ ಹಕ್ಕನ್ನು ಕಿರಿಯಳಿಗೆ ಮೊದಲ ದಿನವೇ ಹೇಳಿಕೊಡುವುದು.

ಅಮೆರಿಕಕ್ಕೆ ಹೋದ ನಮ್ಮವರ ಮಕ್ಕಳೂ ಈ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರು 1998ರ ನವೆಂಬರಿನಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗಾಮಾ, ಮರುತಿಂಗಳು ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ ಸ್ಥಾಪಿಸಿದರು. ಆ ಹುಡುಗಿಯರ ಕತೆ ಬೆಟ್ಟಿ ಲಾಕ್‌ಳದ್ದಕ್ಕಿಂತ ಬಹಳ ಬೇರೆಯಲ್ಲ. ಕಾಲೇಜು ಕಂಡ ಅಪ್ಪ ಅಮ್ಮ ಇರಬಹುದು, ಆದರೆ ಈ ಕಾಲೇಜನ್ನು ಕಂಡವರಲ್ಲ. ಮನೆಯಲ್ಲಿ ಕೇಳಲಾಗದ್ದನ್ನು ಕೇಳಲು ಮನೆಯ ಭಾಷೆ ಅರ್ಥವಾಗುವ ಒಬ್ಬಳು ಬೇಕಿತ್ತು.

ಮುಂಬಯಿಗೋ ದೆಹಲಿಗೋ ಓದಲು, ದುಡಿಯಲು ಬಂದು ಪೀಜಿಯಲ್ಲಿ ಮೊದಲ ರಾತ್ರಿ ಕಳೆದ ನಮ್ಮಲ್ಲಿ ಹಲವರಿಗೆ ಯಾವ ಸಂಘವೂ ಗೊತ್ತುಮಾಡದ ಒಬ್ಬ ಅಕ್ಕ ಇದ್ದಿರುತ್ತಾಳೆ. ಯಾವ ಮೆಸ್ಸಿನಲ್ಲಿ ಅನ್ನ ಸಿಗುತ್ತದೆ, ಯಾವ ಲೋಕಲ್ ಹತ್ತಬಾರದು ಎಂದು ಹೇಳಿದವಳು. ವಯಸ್ಸಿನಲ್ಲಿ ಅವಳು ನಮಗಿಂತ ಕಿರಿಯಳೂ ಆಗಿರಬಹುದು. ಕನ್ನಡದ ಅಕ್ಕನಿಗೆ ವಯಸ್ಸಿನ ಹಂಗು ಪೂರ್ತಿ ಇಲ್ಲವೆಂಬುದಕ್ಕೆ ಹನ್ನೆರಡನೇ ಶತಮಾನದಲ್ಲೇ ಸಾಕ್ಷಿ ಇದೆ. ಎಳೆಯ ವಯಸ್ಸಿನ ಮಹಾದೇವಿಯನ್ನು ಶರಣರೆಲ್ಲ ಅಕ್ಕ ಎಂದು ಕರೆದದ್ದನ್ನು ನಮ್ಮ ಪರಂಪರೆ ಇಂದಿಗೂ ನೆನೆಯುತ್ತದೆ. ಹಾಗೆ ನೋಡಿದರೆ ಅಕ್ಕ ಎಂಬುದನ್ನು ಗೌರವದ ಸ್ಥಾನವಾಗಿ ಕೊಡುವ ರೂಢಿ ನಮ್ಮಲ್ಲೂ ಇತ್ತು. ಅರ್ಜಿ ಮಾತ್ರ ಇರಲಿಲ್ಲ.

ಕೊನೆಗೆ ಅನುವಾದದಲ್ಲಿ ಹೀಗೆ ಮಾಡಿದೆ. ಜೋಡಣೆ, ಉಡುಗೊರೆ, ಸಮಾರಂಭ ನಡೆಯುವ ಪುಟಗಳಲ್ಲಿ 'ಬಿಗ್' ಎಂದೇ ಉಳಿಸಿದೆ, ಅಲ್ಲಿ ಅದು ಹುದ್ದೆ. ಜ್ವರದ ರಾತ್ರಿ ಸೂಪ್ ತಂದುಕೊಟ್ಟ ಪುಟದಿಂದ ಮುಂದಕ್ಕೆ 'ಅಕ್ಕ' ಎಂದು ಬರೆದೆ. ಕರಡು ಓದಿದ ಸಂಪಾದಕಿ ಎರಡು ಪದ ಯಾಕೆ, ಒಂದೇ ಇರಲಿ ಎಂದರು. ಆ ಪುಟವನ್ನು ಇನ್ನೊಮ್ಮೆ ಓದಿ ಎಂದೆ. ಮರುದಿನ ಸಂಜೆ ಅವರ ಉತ್ತರ ಬಂತು: "ಸರಿ, ಇರಲಿ. ನನಗೂ ಹಾಸ್ಟೆಲಿನಲ್ಲಿ ಒಬ್ಬರಿದ್ದರು."